ಅಮ್ಮನ ಮಣಿಕಟ್ಟು ಹೇಳಿದ ಮಾತು

ಪ್ರಶ್ನೆ: ನಮ್ಮಮ್ಮನಿಗೆ 64 ವರ್ಷ. ನಾಲ್ಕು ತಿಂಗಳ ಹಿಂದೆ ಹಿತ್ತಲಲ್ಲಿ ಪಾತ್ರೆ ತೊಳೆದು ಏಳುವಾಗ ಜಾರಿ, ಕೈಯೂರಿ ಬಿದ್ದರು. ಅಷ್ಟಕ್ಕೇ ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಸಿಮೆಂಟ್ ಪಟ್ಟಿ ಹಾಕಿದ್ದರು, ಈಗ ಮೂಳೆ ಕೂಡಿದೆ. ಆಮೇಲೆ ಡಾಕ್ಟರು ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಬೆನ್ನಿನಲ್ಲಿ −2.9, ಸೊಂಟದಲ್ಲಿ −2.4 ಅಂತ ಬಂತು. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟರು. ಎರಡು ವಾರ ನುಂಗಿದರು, ಎದೆಯುರಿ ಬಂತು. ಅಷ್ಟರಲ್ಲಿ ಯಾರೋ ‘ಆ ಮಾತ್ರೆ ತಗೊಂಡರೆ ದವಡೆ ಕೊಳೆಯುತ್ತೆ’ ಅಂದರು. ಅಮ್ಮ ನಿಲ್ಲಿಸಿಬಿಟ್ಟರು. ‘ಕೈ ಕೂಡಿತಲ್ಲ, ಈ ವಯಸ್ಸಲ್ಲಿ ಇನ್ಯಾಕೆ ಔಷಧಿ’ ಅಂತಾರೆ. ಹುಟ್ಟಿದಾಗಿನಿಂದ ರಾಗಿಮುದ್ದೆ ಉಂಡವರು ಅವರು. 38ಕ್ಕೇ ಗರ್ಭಕೋಶ ತೆಗೆಸಿದ ಮೇಲೂ ಒಂದು ದಿನ ಸುಮ್ಮನೆ ಕೂತವರಲ್ಲ, ಹೊಲದ ಕೆಲಸವೆಲ್ಲ ಅವರದೇ. ಅಂಥವರ ಮೂಳೆ ಸವೆಯುವುದು ಹೇಗೆ? ರಾಗಿ, ಹಾಲು ಇನ್ನಷ್ಟು ಕೊಟ್ಟರೆ ಸಾಲದೇ? ನನಗೆ 47. ಮುಟ್ಟು ನಿಂತು ಒಂದು ವರ್ಷವಾಯಿತು. ನನಗೂ ಹೀಗೇ ಆಗುತ್ತದೆಯೇ? ನನ್ನ ಮಗಳಿಗೆ 16 ವರ್ಷ, ಅವಳಿಗೆ ಈಗಿನಿಂದಲೇ ಏನಾದರೂ ಮಾಡಬೇಕೇ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹಾಗೇ ಹೇಳಿ ಮುಂದೆ ಹೋಗಿಬಿಟ್ಟ ಒಂದು ಮಾತಿದೆ: 38ಕ್ಕೇ ಗರ್ಭಕೋಶ ತೆಗೆಸಿದ್ದು. ನೀವು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಬಹುಶಃ ಅಲ್ಲೇ ಇದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ತುರ್ತಾಗಿ ಹೇಳಬೇಕಾದ್ದು ಒಂದಿದೆ. ಅಮ್ಮನನ್ನು ಅದೇ ಡಾಕ್ಟರ ಬಳಿ ಮತ್ತೆ ಕರೆದುಕೊಂಡು ಹೋಗಿ. ಈ ವಾರವೇ ಹೋದರೆ ಒಳ್ಳೆಯದು. ಅವರ ಕೈ ಗುಣವಾಗಿದೆ ನಿಜ, ಆದರೆ ಕೈ ಮುರಿಯಲು ಕಾರಣವಾದದ್ದು ಇನ್ನೂ ಹಾಗೇ ಇದೆ.

ನಿಂತ ಎತ್ತರದಿಂದ, ಅದಕ್ಕೂ ಕಡಿಮೆ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಅದನ್ನು ಬರಿಯ ಅಪಘಾತ ಎಂದುಕೊಳ್ಳಬಾರದು. ಗಟ್ಟಿ ಮೂಳೆ ಅಷ್ಟು ಪೆಟ್ಟನ್ನು ತಡೆದುಕೊಳ್ಳಬೇಕು. ಮುಟ್ಟು ನಿಂತ ಹೆಂಗಸರಲ್ಲಿ ಹೀಗೆ ಮೊದಲು ಮುರಿಯುವುದು ಬಹುತೇಕ ಮಣಿಕಟ್ಟು, ಆಮೇಲೆ ಬೆನ್ನಿನ ಮಣಿಗಳು, ಅದರ ನಂತರ ಸೊಂಟ, ಅಂದರೆ ತೊಡೆಮೂಳೆಯ ಕತ್ತು. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚು, ಅದರಲ್ಲೂ ಮೊದಲ ಒಂದೆರಡು ವರ್ಷಗಳಲ್ಲಿ. ಮಣಿಕಟ್ಟು ಮುರಿದರೆ ಆರು ವಾರ ಅನ್ನ ಕಲಸಲು ಕಷ್ಟವಾದೀತು. ಸೊಂಟ ಮುರಿದರೆ ಆಪರೇಷನ್ ಆಗಬೇಕು, ಹಾಸಿಗೆ ಹಿಡಿಯಬೇಕು. ಸೊಂಟ ಮುರಿದ ವಯಸ್ಸಾದವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಅನೇಕರಿಗೆ ಮೊದಲಿನ ನಡಿಗೆ ಮರಳುವುದಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ಈ ಸೊಂಟಕ್ಕೆ, ಈ ಬೆನ್ನಿಗೆ. ಕೈ ಕೂಡಿತೆಂದು ಅದನ್ನು ಬಿಡುವುದೆಂದರೆ, ಮಾಡಿನ ಒಂದು ತೂತು ಮುಚ್ಚಿದೆವೆಂದು ಗೆದ್ದಲು ಹಿಡಿದ ಜಂತಿಯನ್ನು ಮರೆತಂತೆ.

ಒಂದೇ ಮಾತು, ಎರಡು ರೋಗ

ನಮ್ಮ ಭಾಷೆಯಲ್ಲಿ ಒಂದು ತೊಡಕಿದೆ. ಮಂಡಿನೋವಿಗೆ ಹೋದವರಿಗೂ ‘ಮೂಳೆ ಸವೆದಿದೆ’ ಎನ್ನುತ್ತೇವೆ, ನಿಮ್ಮಮ್ಮನಂಥವರಿಗೂ ‘ಮೂಳೆ ಸವೆದಿದೆ’ ಎನ್ನುತ್ತೇವೆ. ಇವೆರಡೂ ಬೇರೆ ಬೇರೆ. ಮಂಡಿಯಲ್ಲಿ ಸವೆಯುವುದು ಕೀಲಿನೊಳಗೆ ಮೂಳೆಗಳ ತುದಿಗೆ ಹೊದಿಕೆಯಂತಿರುವ ಮೆದುಮೂಳೆ. ಅಲ್ಲಿ ನೋವು, ಊತ, ಬಿಗಿತ ಎಲ್ಲವೂ ಇರುತ್ತದೆ. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆಯೇ ಒಳಗೊಳಗೆ ಟೊಳ್ಳಾಗುತ್ತದೆ. ಅದು ನೋಯುವುದಿಲ್ಲ. ಮುರಿಯುವ ದಿನದವರೆಗೂ ಸುಳಿವು ಕೊಡುವುದಿಲ್ಲ. ಹಾಗಾಗಿ ‘ನನಗೆ ಮೂಳೆನೋವಿಲ್ಲ, ನಾನು ಗಟ್ಟಿ’ ಎನ್ನುವುದು ಆಧಾರವಿಲ್ಲದ ಧೈರ್ಯ. ಮಂಡಿನೋವಿಗೆ ವರ್ಷಗಟ್ಟಲೆ ಕ್ಯಾಲ್ಸಿಯಂ ನುಂಗಿ ‘ಏನೂ ಗುಣ ಕಾಣಲಿಲ್ಲ’ ಎಂದು ಬೇಸರಪಡುವವರೂ ಈ ಮಾತಿನ ತೊಡಕಿನಲ್ಲಿ ಸಿಕ್ಕಿಕೊಂಡವರೇ.

ಬೆನ್ನಿನ ಮಣಿ ಮುರಿದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಮಣಿ ಒಂದು ಬದಿಗೆ ಕುಸಿದು ಕೂರುತ್ತದೆ. ಒಂದೆರಡು ವಾರದ ಬೆನ್ನುನೋವೆಂದು ಅದು ಕಳೆದುಹೋಗುತ್ತದೆ. ಹಾಗೆ ಎರಡು ಮೂರು ಮಣಿ ಕುಸಿದರೆ ಬೆನ್ನು ಗೂನಾಗುತ್ತದೆ, ಎತ್ತರ ಕುಗ್ಗುತ್ತದೆ. ಅಜ್ಜಿಯಂದಿರ ಬಾಗಿದ ಬೆನ್ನನ್ನು ನಾವೆಲ್ಲ ವಯಸ್ಸಿನ ಲಕ್ಷಣ ಎಂದುಕೊಂಡೇ ಬೆಳೆದೆವು. ನನ್ನ ಅಜ್ಜಿಯ ಬೆನ್ನೂ ಹಾಗೇ ಬಾಗಿತ್ತು. ವೈದ್ಯಕೀಯ ಓದಿದ ಮೇಲೆಯೇ ನನಗೆ ತಿಳಿದದ್ದು, ಆ ಬಾಗಿನಲ್ಲಿ ಯಾರೂ ಎಣಿಸದ ಮುರಿತಗಳಿದ್ದಿರಬಹುದು ಎಂದು. ನಿಮ್ಮಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯಿರಿ. ವಯಸ್ಸಿನಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರು, ಅಂದರೆ ಒಂದೂವರೆ ಇಂಚು ಕುಗ್ಗಿದ್ದರೆ ಡಾಕ್ಟರಿಗೆ ತಿಳಿಸಿ. ಬೆನ್ನಿನ ಎಕ್ಸ್‌ರೇ ನೋಡಬೇಕಾಗುತ್ತದೆ.

ರಾಗಿ ಉಂಡ ಮೂಳೆ ಟೊಳ್ಳಾದದ್ದು ಹೇಗೆ?

ಮೂಳೆ ಕಲ್ಲಿನಂತೆ ಒಮ್ಮೆ ಆಗಿ ಮುಗಿದ ವಸ್ತುವಲ್ಲ. ಹಳೆಯ ಮಣ್ಣುಗೋಡೆಯ ಮನೆ ನೆನಪಿಸಿಕೊಳ್ಳಿ. ಬಿರುಕು ಬಿಟ್ಟ ಕಡೆ ಹಳೆಮಣ್ಣು ಕೆರೆದು ತೆಗೆಯುತ್ತಾರೆ, ಹೊಸ ಮಣ್ಣು ಮೆತ್ತುತ್ತಾರೆ. ಮೂಳೆಯಲ್ಲೂ ಕೆರೆಯುವ ಜೀವಕೋಶಗಳಿವೆ, ಮೆತ್ತುವ ಜೀವಕೋಶಗಳೂ ಇವೆ. ಹೀಗೆ ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಹೊಸದಾಗುತ್ತದೆ. ಕೆರೆಯುವವರು ಅತಿಯಾಗಿ ಕೆರೆಯದಂತೆ ಹಿಡಿದಿಡುವ ಮೇಸ್ತ್ರಿ ಈಸ್ಟ್ರೊಜೆನ್ ಹಾರ್ಮೋನು. ಅಂಡಾಶಯ ಅದನ್ನು ತಯಾರಿಸುವುದು ನಿಲ್ಲಿಸಿದಾಗ ಮುಟ್ಟು ನಿಲ್ಲುತ್ತದೆ. ಆಗ ಕೆರೆತ ಜೋರಾಗುತ್ತದೆ, ಮೆತ್ತುವವರು ಅದೇ ವೇಗಕ್ಕೆ ಬರಲಾರರು. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಕೆಲವರು ಮೂಳೆಯ ಐದನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳುವುದುಂಟು. ಈಸ್ಟ್ರೊಜೆನ್ನಿಗೂ ಟೊಳ್ಳು ಮೂಳೆಗೂ ಇರುವ ಈ ನಂಟನ್ನು 1940ರ ದಶಕದ ಆರಂಭದಲ್ಲೇ ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಗುರುತಿಸಿದ್ದರು.

ಈಗ ರಾಗಿಯ ವಿಷಯಕ್ಕೆ ಬನ್ನಿ. ರಾಗಿ ಹೊಸ ಮಣ್ಣು. ಅದಿಲ್ಲದೆ ಗೋಡೆ ಏಳದು. ಆದರೆ ಕೆರೆಯುವವರ ಕೈ ಹಿಡಿಯುವ ಶಕ್ತಿ ಮಣ್ಣಿಗಿಲ್ಲ. ಅಮ್ಮ ಉಂಡ ರಾಗಿ, ಮಾಡಿದ ದುಡಿಮೆ ವ್ಯರ್ಥವಾಗಿಲ್ಲ. ಅವೆರಡೂ ಇಲ್ಲದಿದ್ದರೆ ಈ ಮಣಿಕಟ್ಟು ಇನ್ನೂ ಮೊದಲೇ ಮುರಿಯುತ್ತಿತ್ತೇನೋ.

ಇನ್ನು ಆ 38ರ ಮಾತು. ಭಾರತದ ಹೆಂಗಸರಲ್ಲಿ ಮುಟ್ಟು ತಾನಾಗಿ ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47. ಪಾಶ್ಚಾತ್ಯ ದೇಶಗಳಲ್ಲಿ ಅದು ಸುಮಾರು 51. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ ಈಸ್ಟ್ರೊಜೆನ್ ಅಂದೇ ನಿಂತಿರುತ್ತದೆ. ನಿಮ್ಮಮ್ಮ ಹಾಗಾದರೆ 26 ವರ್ಷಗಳಿಂದ ಆ ರಕ್ಷೆಯಿಲ್ಲದೆ ಬದುಕಿದ್ದಾರೆ. ಅಂಡಾಶಯ ಉಳಿಸಿದ್ದರೂ ಅವು ಸ್ವಲ್ಪ ಬೇಗ ಸೊರಗುವ ಸಾಧ್ಯತೆಯಿದೆ. ಗರ್ಭಕೋಶವೇ ಇಲ್ಲದಿರುವಾಗ ಮುಟ್ಟು ಯಾವಾಗ ನಿಂತಿತೆಂಬುದೂ ತಿಳಿಯುವುದಿಲ್ಲ. ಹಳೆಯ ಡಿಸ್ಚಾರ್ಜ್ ಚೀಟಿ ಮನೆಯಲ್ಲಿದ್ದರೆ ಹುಡುಕಿ, ಡಾಕ್ಟರಿಗೆ ತೋರಿಸಿ.

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಬೆಳಕಿಗೆ ಬಂದು ರಾಜ್ಯವೇ ಮಾತಾಡಿಕೊಂಡಿತ್ತು. ಬಿಳಿಸೆರಗು, ಹೊಟ್ಟೆನೋವು, ಅತಿಯಾದ ರಕ್ತಸ್ರಾವ ಎಂದು ಹೋದವರಿಗೆ ಬೇರೆ ಚಿಕಿತ್ಸೆಗಳಿದ್ದರೂ ‘ಮಕ್ಕಳಾಗಿವೆಯಲ್ಲ, ಇನ್ನು ಆ ಚೀಲ ಯಾಕೆ’ ಎನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅಗತ್ಯವಿದ್ದಾಗ ಆ ಆಪರೇಷನ್ ಜೀವ ಉಳಿಸುತ್ತದೆ. ಆದರೆ ಮೂವತ್ತರಲ್ಲಿ ಅಂಡಾಶಯ ಹೋದರೆ ಅರವತ್ತರಲ್ಲಿ ಮೂಳೆ ಅದರ ಲೆಕ್ಕ ಕೇಳುತ್ತದೆಂದು ಆ ಹೆಣ್ಣಿಗೆ ಹೇಳುವವರು ಯಾರು? 45ಕ್ಕೆ ಮುನ್ನ ಅಂಡಾಶಯ ಕಳೆದುಕೊಂಡವರಿಗೆ, ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಹಾರ್ಮೋನು ಚಿಕಿತ್ಸೆ ಕೊಡುವುದು ಒಪ್ಪಿತ ಪದ್ಧತಿ. ನಿಮ್ಮ ಬಳಗದಲ್ಲಿ ಅಂಥ ಎಳೆಯ ವಯಸ್ಸಿನವರಿದ್ದರೆ ದಯವಿಟ್ಟು ಈ ಮಾತು ತಲುಪಿಸಿ.

ಆ ಅಂಕಿಗಳ ಅರ್ಥ

ಡೆಕ್ಸಾ ಎಂದರೆ ಅತಿ ಕಡಿಮೆ ಪ್ರಮಾಣದ ಎಕ್ಸ್‌ರೇಯಿಂದ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ. ಅದರಲ್ಲಿ ಬರುವ ಟಿ-ಸ್ಕೋರ್, ಆರೋಗ್ಯವಂತ ಯುವತಿಯ ಮೂಳೆಗೆ ಹೋಲಿಸಿದರೆ ನಿಮ್ಮದು ಎಷ್ಟು ಕೆಳಗಿದೆ ಎಂದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆ ಹೀಗಿದೆ: −1 ಹಾಗೂ ಅದಕ್ಕಿಂತ ಮೇಲಿದ್ದರೆ ಸಹಜ, −1 ಮತ್ತು −2.5ರ ನಡುವೆ ಇದ್ದರೆ ಮೂಳೆ ತೆಳುವಾಗಿದೆ, −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಎರಡು ಜಾಗದಲ್ಲಿ ಅಳೆದಾಗ ಕೆಳಗಿನದನ್ನೇ ಗಣನೆಗೆ ತೆಗೆದುಕೊಳ್ಳುತ್ತೇವೆ. ಅಮ್ಮನ ಬೆನ್ನಿನ −2.9ರ ಜೊತೆ ಮುರಿತವೂ ಸೇರಿರುವುದರಿಂದ ಔಷಧಿ ಬೇಕೆಂಬುದರಲ್ಲಿ ಸಂಶಯವಿಲ್ಲ.

ಊರಲ್ಲಿ ನಡೆಯುವ ಶಿಬಿರಗಳಲ್ಲಿ ಹಿಮ್ಮಡಿಯನ್ನು ಸಣ್ಣ ಯಂತ್ರದಲ್ಲಿಟ್ಟು ‘ಮೂಳೆ ಪರೀಕ್ಷೆ’ ಮಾಡುತ್ತಾರಲ್ಲ, ಅದು ಅಲ್ಟ್ರಾಸೌಂಡ್. ಮೇಲಿನ ಗೆರೆಗಳು ಅದಕ್ಕೆ ಅನ್ವಯವಾಗುವುದಿಲ್ಲ. ಅದೊಂದನ್ನೇ ನಂಬಿ ಔಷಧಿ ಶುರುಮಾಡುವುದೂ ಸರಿಯಲ್ಲ, ನಿಲ್ಲಿಸುವುದೂ ಸರಿಯಲ್ಲ.

ಔಷಧಿಗೆ ಮುಂಚೆ ಕೆಲವು ರಕ್ತಪರೀಕ್ಷೆಗಳಾಗಬೇಕು: ಕ್ಯಾಲ್ಸಿಯಂ, ವಿಟಮಿನ್ ಡಿ, ಮೂತ್ರಪಿಂಡದ ಕ್ರಿಯೇಟಿನಿನ್, ಥೈರಾಯ್ಡ್, ಅಗತ್ಯ ಕಂಡರೆ ಪ್ಯಾರಾಥೈರಾಯ್ಡ್. ಏಕೆಂದರೆ ಮೂಳೆಯನ್ನು ತಿನ್ನುವ ಬೇರೆ ಕಾಯಿಲೆಗಳೂ ಇವೆ. ಕೀಲುನೋವು, ಉಬ್ಬಸಕ್ಕೆಂದು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಪ್ರೆಡ್ನಿಸೊಲೋನಿನಂಥ ಸ್ಟೀರಾಯ್ಡ್ ಮಾತ್ರೆ ಮೂಳೆಗೆ ದೊಡ್ಡ ಶತ್ರು. ಕೀಲುನೋವಿಗೆ ಹೆಸರಿಲ್ಲದ ಪುಡಿ, ಗುಳಿಗೆ ಕೊಡುವವರ ಬಳಿ ಅಮ್ಮ ಯಾವಾಗಲಾದರೂ ಔಷಧಿ ತೆಗೆದುಕೊಂಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಎದೆಯುರಿ ಬಂದದ್ದು, ದವಡೆಯ ಭಯ

ಅಲೆಂಡ್ರೊನೇಟ್ ಮಾತ್ರೆ ಕೆರೆಯುವ ಜೀವಕೋಶಗಳ ಕೈ ಕಟ್ಟುತ್ತದೆ. 1995ರಿಂದ ಬಳಕೆಯಲ್ಲಿದೆ. ಪೇಟೆಂಟ್ ಮುಗಿದು ಅನೇಕ ಕಂಪನಿಗಳು ತಯಾರಿಸುವುದರಿಂದ ದುಬಾರಿಯೂ ಅಲ್ಲ. 1996ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಅದಾಗಲೇ ಬೆನ್ನಿನ ಮಣಿ ಮುರಿದಿದ್ದ 2,027 ಮಹಿಳೆಯರನ್ನು ಮೂರು ವರ್ಷ ಗಮನಿಸಿದರು. ಮಾತ್ರೆ ತೆಗೆದುಕೊಂಡವರಲ್ಲಿ ಬೆನ್ನು, ಸೊಂಟ, ಮಣಿಕಟ್ಟಿನ ಮುರಿತಗಳು ಸುಮಾರು ಅರ್ಧಕ್ಕೆ ಇಳಿದವು.

ಈ ಮಾತ್ರೆ ನುಂಗಲು ಒಂದು ಕ್ರಮವಿದೆ. ಅದನ್ನು ಬಿಡಿಸಿ ಹೇಳದೆ ಚೀಟಿ ಬರೆದರೆ ಎದೆಯುರಿ ಬರುವುದು ಸಹಜ. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ, ಸೋಮವಾರ ಎನ್ನೋಣ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಕಾಫಿಗೂ ಮುಂಚೆ, ಒಂದು ದೊಡ್ಡ ಲೋಟ ಬರಿ ನೀರಿನೊಂದಿಗೆ ಮಾತ್ರೆಯನ್ನು ಇಡಿಯಾಗಿ ನುಂಗಬೇಕು. ಅಗಿಯಬಾರದು, ಚೀಪಬಾರದು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಬಗ್ಗಿ ಕೆಲಸ ಮಾಡುವಂತಿಲ್ಲ, ಏನನ್ನೂ ತಿನ್ನುವಂತಿಲ್ಲ. ಕೂರಬಹುದು, ಓಡಾಡಬಹುದು. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ಪೊರೆಯನ್ನು ಸುಡುತ್ತದೆ. ಕಾಫಿ, ಹಾಲು, ಕ್ಯಾಲ್ಸಿಯಂ ಜೊತೆ ನುಂಗಿದರೆ ಮೈಗೆ ಹತ್ತುವುದೇ ಇಲ್ಲ. ಅಮ್ಮ ಹೇಗೆ ನುಂಗಿದ್ದರು, ಕೇಳಿ ನೋಡಿ. ಕಾಫಿ ಕುಡಿದು ಮಾತ್ರೆ ಹಾಕಿಕೊಂಡು ಮತ್ತೆ ಒರಗಿದ್ದರೆ ತೊಂದರೆಯ ಮೂಲ ಸಿಕ್ಕಿತು.

ಕ್ರಮ ಪಾಲಿಸಿದರೂ ಉರಿ ಬಂದರೆ, ಅಥವಾ ಮೊದಲಿನಿಂದಲೇ ಅನ್ನನಾಳದ ತೊಂದರೆ ಇದ್ದರೆ, ಬೇರೆ ದಾರಿಯಿದೆ. ಜೊಲೆಡ್ರೊನಿಕ್ ಆಸಿಡ್ ಎಂಬ ಔಷಧಿಯನ್ನು ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ನಿಧಾನವಾಗಿ ಕೊಡುತ್ತಾರೆ. ಹೊಟ್ಟೆಯ ಗೊಡವೆಯಿಲ್ಲ. 2007ರ ಅಧ್ಯಯನದಲ್ಲಿ ಅದು ಮೂರು ವರ್ಷಗಳಲ್ಲಿ ಬೆನ್ನಿನ ಮುರಿತವನ್ನು ಶೇ 70ರಷ್ಟು, ಸೊಂಟದ ಮುರಿತವನ್ನು ಶೇ 41ರಷ್ಟು ತಗ್ಗಿಸಿತು. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈನೋವು ಬರಬಹುದು, ಪ್ಯಾರಾಸಿಟಮಾಲಿಗೆ ಇಳಿಯುತ್ತದೆ. ಮೂತ್ರಪಿಂಡ ತೀರಾ ದುರ್ಬಲವಾಗಿದ್ದರೆ ಈ ಗುಂಪಿನ ಔಷಧಿಗಳು ಸಲ್ಲವು. ವಿಟಮಿನ್ ಡಿ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ದವಡೆಯ ವಿಷಯ ಯಾರೋ ಕಟ್ಟಿದ ಕಥೆಯಲ್ಲ. ಅಂಥ ತೊಂದರೆ ಇದೆ. ಆದರೆ ಅದು ಹೆಚ್ಚಾಗಿ ಕಂಡದ್ದು ಕ್ಯಾನ್ಸರ್ ರೋಗಿಗಳಲ್ಲಿ, ಇದೇ ಗುಂಪಿನ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಪದೇಪದೇ ಕೊಟ್ಟಾಗ. ಆಸ್ಟಿಯೊಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ವರ್ಷವೊಂದಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷ ಜನರಲ್ಲಿ ಒಬ್ಬರಿಗೆ ಬರಬಹುದು, ಅಷ್ಟೇ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿ, ವಸಡು ವಾಸಿಯಾದ ಮೇಲೆ ಔಷಧಿ ಆರಂಭಿಸಿ. ಮುಂದೆ ದಂತವೈದ್ಯರ ಬಳಿ ಹೋದಾಗ ಈ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಹೇಳಿ. ಬಹಳ ವರ್ಷ ತೆಗೆದುಕೊಂಡವರಲ್ಲಿ ವಿರಳವಾಗಿ ತೊಡೆಮೂಳೆಯ ನಡುಭಾಗ ಮುರಿಯುವುದೂ ಉಂಟು. ತೊಡೆ ಅಥವಾ ತೊಡೆಸಂದಿಯಲ್ಲಿ ಬಿಡದೆ ನೋವು ಬಂದರೆ ಕೂಡಲೇ ತೋರಿಸಬೇಕು. ಈ ಕಾರಣಕ್ಕೇ ಮಾತ್ರೆಯಾದರೆ ಐದು ವರ್ಷ, ಡ್ರಿಪ್ ಆದರೆ ಮೂರು ವರ್ಷವಾದ ಮೇಲೆ ಮತ್ತೆ ಅಳೆದು, ಅಪಾಯ ತಗ್ಗಿದ್ದರೆ ಸ್ವಲ್ಪ ಕಾಲ ಬಿಡುವು ಕೊಡುತ್ತೇವೆ.

ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೊಸುಮ್ಯಾಬ್ ಎಂಬ ಇಂಜೆಕ್ಷನ್ನೂ ಇದೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಮನೆಮಂದಿಯೆಲ್ಲ ನೆನಪಿಡಬೇಕು. ಅದನ್ನು ನಡುವೆ ತಪ್ಪಿಸಿದರೆ, ಸುಮ್ಮನೆ ನಿಲ್ಲಿಸಿದರೆ, ಗಳಿಸಿದ ಮೂಳೆ ಬೇಗನೆ ಕರಗಿ ಬೆನ್ನಿನ ಮಣಿಗಳು ಸಾಲಾಗಿ ಮುರಿಯಬಹುದು. ನಿಲ್ಲಿಸುವುದಾದರೆ ಬದಲಿಗೆ ಬೇರೆ ಔಷಧಿ ಕೊಟ್ಟೇ ನಿಲ್ಲಿಸಬೇಕು. ಬೆನ್ನಿನ ಹಲವು ಮಣಿಗಳು ಮುರಿದವರಿಗೆ, ಸಾಂದ್ರತೆ ತೀರಾ ಕುಸಿದವರಿಗೆ ಮೆತ್ತುವ ಜೀವಕೋಶಗಳನ್ನೇ ಹುರಿದುಂಬಿಸುವ ಟೆರಿಪ್ಯಾರಟೈಡ್ ಎಂಬ ದಿನನಿತ್ಯದ ಇಂಜೆಕ್ಷನ್ ಇದೆ. ನಿಮ್ಮಮ್ಮನಿಗೆ ಸದ್ಯಕ್ಕೆ ಅಷ್ಟು ದೂರ ಹೋಗಬೇಕಾಗಿ ಬರಲಾರದು.

ತಟ್ಟೆಯಲ್ಲಿ ಏನಿರಬೇಕು?

ಔಷಧಿಯ ಜೊತೆ ಊಟವೂ ಸರಿಯಿರಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಹತ್ತರ ಆಸುಪಾಸು, ಜೋಳದಲ್ಲಿ ಮೂವತ್ತಕ್ಕೂ ಕಡಿಮೆ. ಹಾಗಾಗಿ ನಿಮ್ಮ ಕಡೆಯವರು ಪುಣ್ಯವಂತರು. ಆದರೆ ರಾಗಿ ಒಂದರಿಂದಲೇ 1,200 ತುಂಬುವುದಿಲ್ಲ, ರಾಗಿಯಲ್ಲಿರುವ ಫೈಟೇಟ್ ಅಂಶ ಒಂದಿಷ್ಟು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಮಾಡಿದ ಹಿಟ್ಟಿನಲ್ಲಿ, ಹುಳಿ ಬರಿಸಿದ ಅಂಬಲಿಯಲ್ಲಿ ಆ ಹಿಡಿತ ಸಡಿಲವಾಗುತ್ತದೆ.

ಒಂದು ದಿನದ ಲೆಕ್ಕ ಹೀಗಿರಲಿ. ಒಂದು ಹೊತ್ತು ಮುದ್ದೆ, ಜೊತೆಗೆ ಹುರುಳಿ ಸಾರು. ಹುರುಳಿಯಲ್ಲೂ ಕ್ಯಾಲ್ಸಿಯಂ ಚೆನ್ನಾಗಿದೆ. ನುಗ್ಗೆಸೊಪ್ಪಿನ ಪಲ್ಯ ಒಂದು ಬಟ್ಟಲು. ಹಾಲು, ಮೊಸರು ಎಲ್ಲ ಸೇರಿ ನಾನೂರು ಮಿಲಿಲೀಟರು, ಅದರಿಂದಲೇ ಸುಮಾರು 480 ಮಿಲಿಗ್ರಾಂ ಸಿಗುತ್ತದೆ. ಒಂದು ಚಮಚ ಎಳ್ಳಿನ ಪುಡಿ. ಇಷ್ಟಾದರೆ ಸಾವಿರ ದಾಟುತ್ತದೆ. ಕರಾವಳಿಯವರಿಗೆ ಮುಳ್ಳುಸಮೇತ ಅಗಿದು ತಿನ್ನುವ ಸಣ್ಣ ಮೀನು ಒಳ್ಳೆಯ ಮೂಲ. ಬೇಳೆಕಾಳು, ಮೊಟ್ಟೆ ಕಡಿಮೆಯಾದರೆ ಮೂಳೆಯ ಹಂದರವೂ ಮಾಂಸಖಂಡವೂ ಸೊರಗುತ್ತವೆ. ಉಪ್ಪು ಹೆಚ್ಚಾದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ. ಸುಣ್ಣ ಮೈಗೆ ಸೇರುತ್ತದೆಂದು ಎಲೆಅಡಿಕೆ ಹಾಕಿಕೊಳ್ಳುವ ಅಮ್ಮಂದಿರಿದ್ದಾರೆ. ಅಡಿಕೆ ಅಗಿಯುವುದು ಬಾಯಿ ಕ್ಯಾನ್ಸರಿಗೆ ದಾರಿ, ಹೊಗೆಸೊಪ್ಪು ಮೂಳೆಗೂ ಕೆಟ್ಟದ್ದು.

ಊಟದಲ್ಲಿ ಕೊರತೆ ಬಿದ್ದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ, ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಂತೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ‘ಕ್ಯಾಲ್ಸಿಯಂ ತಿಂದರೆ ಕಿಡ್ನಿ ಕಲ್ಲಾಗುತ್ತೆ’ ಎನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಊಟದ ಕ್ಯಾಲ್ಸಿಯಂ ಕಲ್ಲನ್ನು ತಡೆಯುತ್ತದೆ, ಅತಿಯಾದ ಮಾತ್ರೆ ಕಲ್ಲಿಗೆ ಕಾರಣವಾಗಬಹುದು. ಅಮೆರಿಕದಲ್ಲಿ ಮುಟ್ಟು ನಿಂತ 36,000ಕ್ಕೂ ಹೆಚ್ಚು ಮಹಿಳೆಯರನ್ನು ಸುಮಾರು ಏಳು ವರ್ಷ ಗಮನಿಸಿದ ಅಧ್ಯಯನ 2006ರಲ್ಲಿ ಬಂತು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಗಳಿಂದ ಸೊಂಟದ ಮುರಿತ ಖಚಿತವೆನ್ನುವಷ್ಟು ತಗ್ಗಲಿಲ್ಲ, ಕಿಡ್ನಿ ಕಲ್ಲು ಮಾತ್ರ ಶೇ 17ರಷ್ಟು ಹೆಚ್ಚಿತು. ‘ರಾಗಿ, ಹಾಲು ಹೆಚ್ಚಿಸಿದರೆ ಸಾಲದೇ’ ಎಂಬ ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಮೂಳೆ ಈಗಾಗಲೇ ಮುರಿದವರಿಗೆ ಅದಷ್ಟೇ ಸಾಲದು. ಹಾಗೆಂದು ಅದಿಲ್ಲದೆ ಔಷಧಿಯೂ ನಡೆಯದು.

ವಿಟಮಿನ್ ಡಿಗೆ ಎಳೆಬಿಸಿಲು ಸಾಕೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣಗಳು ಬೆಳಗಿನ ಎಳೆಬಿಸಿಲಲ್ಲಿ ಬಹಳ ಕಡಿಮೆ. ಹೊತ್ತೇರಿದ ಮೇಲೆ, ಹನ್ನೊಂದರ ನಂತರ, ಮುಖ ಮತ್ತು ತೋಳಿಗೆ ಇಪ್ಪತ್ತು ನಿಮಿಷ ನೇರ ಬಿಸಿಲು ಬೀಳಲಿ. ರಕ್ತದಲ್ಲಿ ಕೊರತೆ ಕಂಡರೆ ಡಾಕ್ಟರು ವಾರಕ್ಕೊಮ್ಮೆ 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆ ಕೊಡುತ್ತಾರೆ. ಹೇಳಿದಷ್ಟು ವಾರ ಮುಗಿದ ಮೇಲೆ ನಿಲ್ಲಿಸಿ. ಅದನ್ನೇ ದಿನಾ ನುಂಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರನ್ನು ನಾನು ಕಂಡಿದ್ದೇನೆ.

ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ

ಟೊಳ್ಳು ಮೂಳೆಯೂ ಬೀಳದಿದ್ದರೆ ಬಹುಮಟ್ಟಿಗೆ ಉಳಿಯುತ್ತದೆ. ಇಂದು ಸಂಜೆ ಮನೆಯನ್ನು ಅಮ್ಮನ ಕಣ್ಣಿನಿಂದ ಒಮ್ಮೆ ನೋಡಿ ಬನ್ನಿ. ಹಿತ್ತಲಿನ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಪಾಚಿ ಕಟ್ಟಿದೆಯೇ? ಬಚ್ಚಲುಮನೆಯಲ್ಲಿ ಸೋಪಿನ ನೀರು ನಿಲ್ಲುತ್ತದೆಯೇ? ಕುಕ್ಕರುಗಾಲಲ್ಲಿ ಕೂತು ಏಳುವಲ್ಲಿ ಗೋಡೆಗೆ ಹಿಡಿಯಿದೆಯೇ? ರಾತ್ರಿ ಮೂತ್ರಕ್ಕೆ ಏಳುವ ದಾರಿಯಲ್ಲಿ ಸಣ್ಣದೊಂದು ಬಲ್ಬು ಉರಿಯುತ್ತದೆಯೇ? ಪಾತ್ರೆ ತೊಳೆಯಲು ನಿಂತು ಮಾಡುವ ಕಟ್ಟೆ ಕಟ್ಟಿಸಿ. ಹಿಮ್ಮಡಿ ಸವೆದ ಚಪ್ಪಲಿ ಬದಲಿಸಿ. ಕಣ್ಣಿನ ಪೊರೆ ಇದ್ದರೆ ತೆಗೆಸಿ. ಬಿಪಿ ಮಾತ್ರೆಯಿಂದ ಏಳುವಾಗ ತಲೆ ಸುತ್ತಿದರೆ, ನಿದ್ದೆ ಮಾತ್ರೆ ನಡೆಯುತ್ತಿದ್ದರೆ, ಡಾಕ್ಟರಿಗೆ ತಿಳಿಸಿ.

ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು, ಒಂಟಿಕಾಲಲ್ಲಿ ಹತ್ತು ಎಣಿಸುವುದು, ಇವನ್ನು ಅಮ್ಮ ದಿನಾ ಮಾಡಲಿ. ಕಾಲಿಗೆ ಬಲ, ಮೈಗೆ ಹತೋಟಿ ಬರುತ್ತದೆ. ಬೆನ್ನು ಬಗ್ಗಿಸಿ ತುಂಬಿದ ಕೊಡ ಎತ್ತುವುದು ಬೇಡ. ಯೋಗದಲ್ಲೂ ಮುಂದಕ್ಕೆ ಪೂರ್ತಿ ಬಾಗುವ ಆಸನಗಳು ಬೇಡ. ಟೊಳ್ಳಾದ ಬೆನ್ನಿನ ಮಣಿಗಳು ಆ ಒತ್ತಡಕ್ಕೇ ಕುಸಿಯಬಹುದು.

ನಿಮಗೆ, ನಿಮ್ಮ ಮಗಳಿಗೆ

ನಿಮ್ಮ ಮೂಳೆ ವೇಗವಾಗಿ ಕರಗುವ ವರ್ಷಗಳು ಈಗ ಶುರುವಾಗಿವೆ. ನಿಮ್ಮ ಪ್ರಶ್ನೆ ಸರಿಯಾದ ಹೊತ್ತಿಗೇ ಬಂದಿದೆ. ತಾಯಿಗೆ ಬಂದದ್ದು ಮಗಳಿಗೆ ಬಂದೇ ಬರುತ್ತದೆಂದಿಲ್ಲ. ಆದರೆ ಮೂಳೆಯ ಗಾತ್ರ, ಸಾಂದ್ರತೆಯಲ್ಲಿ ವಂಶದ ಪಾಲು ದೊಡ್ಡದು. ಅಮೆರಿಕದ ಮಾರ್ಗಸೂಚಿಗಳು 65 ದಾಟಿದ ಎಲ್ಲ ಹೆಂಗಸರಿಗೂ ಡೆಕ್ಸಾ ಹೇಳುತ್ತವೆ. ಅದಕ್ಕಿಂತ ಚಿಕ್ಕವರಿಗೆ ಅಪಾಯದ ಕಾರಣಗಳಿದ್ದರೆ ಮಾಡಿಸಬೇಕು. ತಾಯಿಗೆ ಮುರಿತವಾಗಿರುವುದರಿಂದ ನೀವೊಮ್ಮೆ ಮಾಡಿಸಿಕೊಂಡು, ಆ ಅಂಕಿಯನ್ನು ಮುಂದಿನ ವರ್ಷಗಳ ಹೋಲಿಕೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು ನಿಮ್ಮನ್ನು ಕಾಡುತ್ತಿದ್ದರೆ ಹಾರ್ಮೋನು ಚಿಕಿತ್ಸೆಯ ಬಗ್ಗೆ ಸ್ತ್ರೀರೋಗ ತಜ್ಞರ ಜೊತೆ ಮಾತಾಡಿ. 2002ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದವರಿಗೆ ಸೊಂಟದ ಮುರಿತ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು, ಆದರೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಸ್ವಲ್ಪ ಹೆಚ್ಚಿದವು. ಅಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಮೀರದವರಿಗೆ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ ಇಲ್ಲದಿದ್ದರೆ, ಲಾಭ ಹೆಚ್ಚು ಅಪಾಯ ಕಡಿಮೆ ಎಂಬುದು ಇಂದಿನ ಅಭಿಪ್ರಾಯ. ಅಮ್ಮನಿಗೆ ಈ ವಯಸ್ಸಲ್ಲಿ ಹೊಸದಾಗಿ ಅದನ್ನು ಆರಂಭಿಸುವುದಿಲ್ಲ.

ನಡಿಗೆ ಒಳ್ಳೆಯದು, ಆದರೆ ಮೂಳೆಗೆ ಭಾರವೂ ಬೇಕು. ಬಾವಿಯಿಂದ ಸೇದಿ, ಒರಳಲ್ಲಿ ರುಬ್ಬಿ, ಬೀಸುಕಲ್ಲು ತಿರುಗಿಸಿದ ತೋಳುಗಳಿಗೆ ಸಿಗುತ್ತಿದ್ದ ಕೆಲಸವನ್ನು ಮೋಟಾರು, ಮಿಕ್ಸಿಗಳು ತೆಗೆದುಕೊಂಡಿವೆ. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೂಳೆ ತೆಳುವಾಗಿದ್ದ ಹೆಂಗಸರು ಮೇಲ್ವಿಚಾರಣೆಯಲ್ಲಿ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಭಾರ ಎತ್ತಿ ಸಾಂದ್ರತೆ ಹೆಚ್ಚಿಸಿಕೊಂಡರು. ನೀವು ನೀರು ತುಂಬಿದ ಬಾಟಲಿಗಳಿಂದ ಆರಂಭಿಸಿ, ತಿಳಿದವರ ಬಳಿ ಕಲಿತು ನಿಧಾನವಾಗಿ ಭಾರ ಹೆಚ್ಚಿಸಿ.

ಮಗಳ ವಿಷಯದಲ್ಲಿ ನಿಮ್ಮ ಕೈಯಲ್ಲಿ ಇರುವುದು ಎಲ್ಲಕ್ಕಿಂತ ಹೆಚ್ಚು. ಮೂಳೆ ಮೂವತ್ತರ ಹೊತ್ತಿಗೆ ತನ್ನ ಗರಿಷ್ಠ ಗಟ್ಟಿತನ ತಲುಪುತ್ತದೆ. ಅದರಲ್ಲಿ ಬಹುಪಾಲು ಕಟ್ಟಿಕೊಳ್ಳುವುದು ಹದಿಹರೆಯದಲ್ಲೇ. ತೆಳ್ಳಗಾಗಬೇಕೆಂದು ಅವಳು ಊಟ ಬಿಡುತ್ತಿದ್ದರೆ ತಡೆಯಿರಿ. ಮೈನೆರೆದಳೆಂದು ಆಟ ಬಿಡಿಸಿದ್ದರೆ ಮತ್ತೆ ಆಡಲು ಕಳಿಸಿ. ಕುಂಟೆಬಿಲ್ಲೆ, ಹಗ್ಗದಾಟ, ಥ್ರೋಬಾಲ್, ಯಾವುದಾದರೂ ಸರಿ, ಕಾಲು ನೆಲಕ್ಕೆ ಬಡಿಯಬೇಕು.

ಕೊನೆಯದಾಗಿ ಅಮ್ಮನ ಮಾತು: ‘ಈ ವಯಸ್ಸಲ್ಲಿ ಇನ್ಯಾಕೆ ಔಷಧಿ?’ ಅವರಿಗೆ ಹೀಗೆ ಹೇಳಿ. ಅರವತ್ತು ದಾಟಿದ ನಮ್ಮ ಹೆಂಗಸರು ಸರಾಸರಿ ಇನ್ನೂ ಹದಿನೆಂಟು ಇಪ್ಪತ್ತು ವರ್ಷ ಬದುಕುತ್ತಾರೆ. ಅಷ್ಟು ವರ್ಷ ತಾವೇ ಎದ್ದು ಹಿತ್ತಲಿಗೆ ಹೋಗಿ, ತಾವೇ ಸ್ನಾನ ಮಾಡಿ, ತಾವೇ ಮುದ್ದೆ ಮುರಿದು ಉಣ್ಣಬೇಕಲ್ಲ. ವಾರಕ್ಕೊಮ್ಮೆ ಬೆಳಗ್ಗೆ ಅರ್ಧ ಗಂಟೆ ಕಾಫಿ ತಡವಾದರೆ ಅದಕ್ಕೆ ತೆರುವ ಬೆಲೆ ಹೆಚ್ಚೇನಲ್ಲ. ಮೊದಲ ಸೋಮವಾರ ನೀವೂ ಬೇಗ ಎದ್ದು, ನೀರಿನ ಲೋಟ ಕೊಟ್ಟು, ಆ ಅರ್ಧ ಗಂಟೆ ಅವರ ಪಕ್ಕದಲ್ಲಿ ಮಾತಾಡುತ್ತ ಕೂತಿರಿ. ಕಾಫಿಯನ್ನು ಇಬ್ಬರೂ ಆಮೇಲೆ ಒಟ್ಟಿಗೆ ಕುಡಿಯಿರಿ.